ಪಾಯಿಂಟರ್‌ಗೆ ವಿಳಾಸ ಗೊತ್ತು, ವಿಷಯ ಗೊತ್ತಿಲ್ಲ

ಜರ್ನಲ್ ಬರೆಯುವಾಗ ನಾವು ಎಲ್.ಎಫ್. ಕಾಲಂ ತುಂಬುತ್ತೇವಲ್ಲ, ಅಲ್ಲಿರುವುದು ಲೆಡ್ಜರಿನ ಪುಟ ಸಂಖ್ಯೆ ಮಾತ್ರ. ಆ ಪುಟದಲ್ಲಿ ನಗದು ಖಾತೆ ಇದೆಯೋ ಬಾಡಿಗೆ ಖಾತೆ ಇದೆಯೋ, ಸಂಖ್ಯೆ ಹೇಳುವುದಿಲ್ಲ. ಕಂಪ್ಯೂಟರಿನ ಪಾಯಿಂಟರ್ ಕೂಡ ಹೀಗೆಯೇ. ಅದು ಮೆಮೊರಿಯ ಒಂದು ಜಾಗದ ಸಂಖ್ಯೆ, ಅಷ್ಟೇ.

ಲಿಸ್ಪ್ ಭಾಷೆಯಲ್ಲಿ ಇದು ಮುಖ್ಯವಾಗುತ್ತದೆ. 1958ರಲ್ಲಿ ಜಾನ್ ಮೆಕಾರ್ಥಿ ಅಮೆರಿಕದ ಎಂಐಟಿಯಲ್ಲಿ ಶುರುಮಾಡಿದ ಈ ಭಾಷೆ ಇಂದಿಗೂ ಬಳಕೆಯಲ್ಲಿದೆ. ಆದರೆ ಗ್ರಾಫಿಕ್ಸ್, ಡೇಟಾಬೇಸ್ ಮುಂತಾದವುಗಳ ಎಷ್ಟೋ ಲೈಬ್ರರಿಗಳು ಸಿ ಭಾಷೆಯಲ್ಲಿವೆ. ಅವನ್ನೆಲ್ಲ ಮತ್ತೆ ಬರೆಯುವ ಬದಲು ಕಾಮನ್ ಲಿಸ್ಪ್‌ನವರು ಸಿಎಫ್‌ಎಫ್‌ಐ ಎಂಬ ಲೈಬ್ರರಿ ಮೂಲಕ ಸಿ ಫಂಕ್ಷನ್‌ಗಳನ್ನೇ ಕರೆಯುತ್ತಾರೆ.

ಸಾಮಾನ್ಯವಾಗಿ ಹೆಸರು ಹೇಳಿ ಕರೆದರೆ ಸಾಕು. ಕೆಲವು ಸಲ ವಿಳಾಸವೊಂದೇ ಕೈಗೆ ಸಿಗುತ್ತದೆ. ವಿಂಡೋಸ್‌ನಲ್ಲಿ ಓಪನ್‌ಜಿಎಲ್ 1.1ರ ನಂತರದ ಫಂಕ್ಷನ್‌ಗಳು ಬೇಕಾದರೆ, ಪ್ರೋಗ್ರಾಂ ಓಡುವಾಗ ಅವುಗಳ ವಿಳಾಸ ಕೇಳಿ ಪಡೆಯಬೇಕು. ಆಗ 'ಫಾರಿನ್-ಫನ್‌ಕಾಲ್-ಪಾಯಿಂಟರ್' ಬಳಸುತ್ತೇವೆ. ಅದಕ್ಕೆ ವಿಳಾಸ ಕೊಟ್ಟು, ಪ್ರತಿ ಮೌಲ್ಯದ ಮುಂಚೆ ಅದರ ಟೈಪ್ ಬರೆದು, ಕೊನೆಗೆ ಬರಬೇಕಾದ ಉತ್ತರದ ಟೈಪ್ ಬರೆಯಬೇಕು.

ನಮ್ಮ ಮನೆಯ ಉರ್ದುವಿನಲ್ಲಿ 'ಪತಾ' ಅಂದರೆ ವಿಳಾಸ. 'ಪತಾ ಹೈ' ಅಂದರೆ ಗೊತ್ತಿದೆ! ಪಾಯಿಂಟರ್ ಹತ್ತಿರ ಮೊದಲನೆಯ ಪತಾ ಮಾತ್ರ ಇದೆ.

ಸಿ ಭಾಷೆಯ ವರ್ಗಮೂಲದ ಫಂಕ್ಷನ್ 'ಎಸ್‌ಕ್ಯುಆರ್‌ಟಿ' ತೆಗೆದುಕೊಳ್ಳಿ. ಅದಕ್ಕೆ ಡಬಲ್, ಅಂದರೆ ದಶಮಾಂಶ ಸಂಖ್ಯೆ ಬೇಕು. 16 ಅನ್ನು ಡಬಲ್ ಎಂದು ಕಳಿಸಿದರೆ 4 ಬರುತ್ತದೆ. ಇಂಟ್ ಎಂದು ಬರೆದರೆ? 64 ಬಿಟ್ ಇಂಟೆಲ್ ಪ್ರೊಸೆಸರಿನಲ್ಲಿ ಪೂರ್ಣಾಂಕ ಒಂದು ರಿಜಿಸ್ಟರಿಗೆ ಹೋಗುತ್ತದೆ, ಫಂಕ್ಷನ್ ದಶಮಾಂಶದ ಬೇರೆ ರಿಜಿಸ್ಟರನ್ನು ನೋಡುತ್ತದೆ. ಅಲ್ಲಿ ಹಿಂದಿನ ಯಾವುದೋ ಕೆಲಸದ ಸಂಖ್ಯೆ ಉಳಿದಿದ್ದರೆ ಅದರದೇ ವರ್ಗಮೂಲ ಬರುತ್ತದೆ. ಎರರ್ ಮೆಸೇಜ್ ಬರುವುದಿಲ್ಲ. ಸಂಖ್ಯೆಗೆ ಪದವನ್ನು ಕೂಡಿಸಿದರೆ ತಕ್ಷಣ ತಡೆಯುವ ಲಿಸ್ಪ್ ಇಲ್ಲಿ ನಾವು ಬರೆದದ್ದನ್ನೇ ನಂಬುತ್ತದೆ. ನನ್ನ ಪ್ರಕಾರ ಪ್ರೋಗ್ರಾಂ ನಿಂತುಹೋಗುವುದೇ ವಾಸಿ. ತಾಳೆಯಾದ ಟ್ರಯಲ್ ಬ್ಯಾಲೆನ್ಸ್‌ನಲ್ಲಿ ಅಡಗಿದ ತಪ್ಪನ್ನು ಹುಡುಕುವ ಕಷ್ಟ ಕಾಮರ್ಸ್‌ನವರಿಗೆ ಗೊತ್ತೇ ಇದೆ. ಆದ್ದರಿಂದ ಟೈಪ್‌ಗಳನ್ನು ಸಿ ಲೈಬ್ರರಿಯ ಹೆಡರ್ ಫೈಲ್ ನೋಡಿಯೇ ಬರೆಯಬೇಕು, ಊಹೆಯಿಂದಲ್ಲ.

ಪದಗಳನ್ನು, ಅಂದರೆ ಸ್ಟ್ರಿಂಗ್‌ಗಳನ್ನು ಕಳಿಸುವಾಗ ಇನ್ನೊಂದು ಎಚ್ಚರ ಬೇಕು. ಲಿಸ್ಪ್‌ನ ಗಾರ್ಬೇಜ್ ಕಲೆಕ್ಟರ್ ಮೆಮೊರಿ ಚೊಕ್ಕಟ ಮಾಡುವಾಗ ವಸ್ತುಗಳನ್ನು ಜಾಗ ಬದಲಿಸಬಹುದು. ಸಿ ಹತ್ತಿರ ಹಳೆಯ ವಿಳಾಸವೇ ಇರುತ್ತದೆ. ಅದಕ್ಕೇ ಸ್ಟ್ರಿಂಗಿನ ಪ್ರತಿಯನ್ನು ಲಿಸ್ಪ್ ಮುಟ್ಟದ ಜಾಗದಲ್ಲಿ ಇಟ್ಟು ಆ ವಿಳಾಸ ಕೊಡುತ್ತಾರೆ. 'ವಿತ್-ಫಾರಿನ್-ಸ್ಟ್ರಿಂಗ್' ಬಳಸಿದರೆ ಕೆಲಸ ಮುಗಿದ ಮೇಲೆ ಆ ಜಾಗ ತಾನಾಗಿಯೇ ಖಾಲಿಯಾಗುತ್ತದೆ.