ಚಿಕ್ಕ ಕಂಪನ ದೊಡ್ಡದನ್ನು ತಪ್ಪಿಸುತ್ತದೆಯೇ?

ಇಟಲಿಯ ನಡುಭಾಗದಲ್ಲಿ, ಅಪೆನೈನ್ ಪರ್ವತಗಳ ನಡುವೆ ಲಾಕ್ವಿಲಾ ಎಂಬ ಹಳೆಯ ಪಟ್ಟಣವಿದೆ. 1461ರಲ್ಲಿ ಒಮ್ಮೆ, 1703ರಲ್ಲಿ ಮತ್ತೊಮ್ಮೆ ಭೂಕಂಪಕ್ಕೆ ಸಿಕ್ಕಿ ನೆಲಕಚ್ಚಿದ ಊರು. ಅಲ್ಲಿನ ಜನರಲ್ಲಿ ಒಂದು ರೂಢಿ ಬೆಳೆದು ಬಂದಿತ್ತು. ರಾತ್ರಿ ನೆಲ ನಡುಗಿದರೆ ಮನೆಮಂದಿಯೆಲ್ಲ ಹೊದಿಕೆ ಎತ್ತಿಕೊಂಡು ಬಯಲಿಗೆ ಬಂದುಬಿಡುವುದು. ಊರ ಚೌಕದಲ್ಲೋ ಕಾರಿನೊಳಗೋ ಕುಳಿತು ಬೆಳಗು ಮಾಡುವುದು.

2009ರ ಮೊದಲ ತಿಂಗಳುಗಳಲ್ಲಿ ಅಲ್ಲಿನ ನೆಲ ಮತ್ತೆ ಮತ್ತೆ ಕಂಪಿಸತೊಡಗಿತು. ಒಂದೇ ಪ್ರದೇಶದಲ್ಲಿ ಹೀಗೆ ಗುಂಪುಗುಂಪಾಗಿ ಬರುವ ಸಣ್ಣ ಕಂಪನಗಳಿಗೆ ಭೂವಿಜ್ಞಾನಿಗಳು ಇಟ್ಟಿರುವ ಹೆಸರು ‘ಸ್ವಾರ್ಮ್’. ಜೇನ್ನೊಣಗಳ ಹಿಂಡಿಗೂ ಅದೇ ಪದ. ಮಾರ್ಚ್ 30ರಂದು ಬಂದ ಕಂಪನದ ಪ್ರಮಾಣ 4ನ್ನು ಮುಟ್ಟಿತು. ಅದೇ ದಿನಗಳಲ್ಲಿ ತಂತ್ರಜ್ಞರೊಬ್ಬರು ರೇಡಾನ್ ಅನಿಲವನ್ನು ಅಳೆದು, ದೊಡ್ಡ ಭೂಕಂಪ ಬರಲಿದೆ ಎಂದು ಎಚ್ಚರಿಸುತ್ತಿದ್ದರು. ಸಮೀಪದ ಸುಲ್ಮೋನಾ ಪಟ್ಟಣದ ವಿಷಯದಲ್ಲಿ ಅವರ ಎಣಿಕೆ ಸುಳ್ಳಾಯಿತು. ಆದರೆ ಜನರ ದಿಗಿಲು ಇಳಿಯಲಿಲ್ಲ.

ಮಾರ್ಚ್ 31ರಂದು ದೇಶದ ಹೆಸರಾಂತ ಭೂಕಂಪ ತಜ್ಞರು ಲಾಕ್ವಿಲಾದಲ್ಲಿ ಸಭೆ ಸೇರಿದರು. ದೊಡ್ಡ ಕಂಪನ ಬರುವ ಸಂಭವ ಕಡಿಮೆ, ಆದರೆ ಬರುವುದೇ ಇಲ್ಲವೆನ್ನಲಾಗದು ಎಂಬ ಮಾತು ಸಭೆಯ ಒಳಗೆ ಬಂತು. ಹೊರಗೆ ಜನರ ಕಿವಿಗೆ ಬಿದ್ದದ್ದೇ ಬೇರೆ. ನಾಗರಿಕ ರಕ್ಷಣಾ ಇಲಾಖೆಯ ಉಪ ಮುಖ್ಯಸ್ಥರು ಟಿ.ವಿ. ಸಂದರ್ಶನದಲ್ಲಿ, ನೆಲದೊಳಗಿನ ಶಕ್ತಿ ಸಣ್ಣ ಸಣ್ಣ ಕಂಪನಗಳ ಮೂಲಕ ಹೊರಬೀಳುತ್ತಿದೆ, ಇದು ಒಳ್ಳೆಯದೇ, ಅಪಾಯವಿಲ್ಲ ಎಂಬರ್ಥದಲ್ಲಿ ಹೇಳಿದರು. ಹಾಗಾದರೆ ಒಂದು ಲೋಟ ದ್ರಾಕ್ಷಾರಸ ಕುಡಿದು ನೆಮ್ಮದಿಯಾಗಿರೋಣವೇ ಎಂಬ ಪತ್ರಕರ್ತರ ಪ್ರಶ್ನೆಗೂ ಹೂಂ ಎಂದರು.

ಕೇಳಲು ಇದು ಸರಿಯೆಂದೇ ತೋರುತ್ತದೆ. ಕುಕ್ಕರ್ ಆಗಾಗ ಸೀಟಿ ಹೊಡೆಯುತ್ತಿದ್ದರೆ ಒಳಗಿನ ಒತ್ತಡ ಇಳಿಯುವುದಿಲ್ಲವೇ? ಆದರೆ ಲೆಕ್ಕ ಹಾಕಿ ನೋಡಿದರೆ ಈ ಹೋಲಿಕೆ ನಿಲ್ಲುವುದಿಲ್ಲ. ಭೂಕಂಪದ ಪ್ರಮಾಣ ಒಂದು ಅಂಕಿ ಏರಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. ಎರಡು ಅಂಕಿ ಏರಿದರೆ 32ರ 32 ಪಟ್ಟು, ಹೆಚ್ಚುಕಡಿಮೆ ಸಾವಿರ. 6.3 ಪ್ರಮಾಣದ ಒಂದೇ ಒಂದು ಭೂಕಂಪದ ಶಕ್ತಿಯನ್ನು 4 ಪ್ರಮಾಣದ ಕಂಪನಗಳಿಂದ ತೀರಿಸಬೇಕಾದರೆ ಅಂಥವು ಸುಮಾರು 2,800 ಬರಬೇಕು! ಲಾಕ್ವಿಲಾದಲ್ಲಿ ಬಂದದ್ದು ಕೆಲವು ನೂರು, ಅವುಗಳಲ್ಲೂ ಬಹುಪಾಲು 3ಕ್ಕಿಂತ ಕಡಿಮೆಯವು. ಒಂಬತ್ತನೇ ತರಗತಿಯ ಹುಡುಗ ಗುಣಿಸಿ ಹೇಳಬಹುದಾದ ಸಂಗತಿ ಇದು.

ಅಪೆನೈನ್ ಪರ್ವತಗಳ ನೆಲವನ್ನು ಎರಡೂ ಬದಿಯಿಂದ ಯಾರೋ ಎಳೆಯುತ್ತಿರುವಂತೆ ಅದು ವರ್ಷಕ್ಕೆ ಕೆಲವೇ ಮಿಲಿಮೀಟರಿನಷ್ಟು ಹಿಗ್ಗುತ್ತಿದೆ. ಆ ಎಳೆತ ನೂರಾರು ವರ್ಷ ಬಂಡೆಗಳ ಸ್ತರಭಂಗಗಳಲ್ಲಿ ಕೂಡುತ್ತಾ ಹೋಗಿ ಒಂದು ದಿನ ಜಾರಿಬಿಡುತ್ತದೆ. ಸಣ್ಣ ಕಂಪನಗಳು ಅದರ ಅಂಚನ್ನು ಕೆರೆಯುತ್ತವೆ, ಅಷ್ಟೆ.

ಹಾಗೆಂದು ಕಂಪನಗಳ ಹಿಂಡು ಬಂದಾಗಲೆಲ್ಲ ಕೇಡು ಕಾದಿದೆ ಎನ್ನುವುದೂ ತಪ್ಪು. ಜಪಾನಿನ ನಗಾನೋ ಪ್ರಾಂತದಲ್ಲಿ, ಬೆಟ್ಟಗಳ ಬುಡದ ಮತ್ಸುಶಿರೋ ಎಂಬಲ್ಲಿ 1965ರ ಆಗಸ್ಟಿನಲ್ಲಿ ಇಂಥದೇ ಹಿಂಡು ಶುರುವಾಯಿತು. ಕೆಲವು ವರ್ಷಗಳಲ್ಲಿ ಉಪಕರಣಗಳು ಏಳು ಲಕ್ಷದಷ್ಟು ಕಂಪನಗಳನ್ನು ಎಣಿಸಿದವು. ಅರುವತ್ತು ಸಾವಿರಕ್ಕೂ ಹೆಚ್ಚು ಕಂಪನಗಳು ಜನರ ಅನುಭವಕ್ಕೇ ಬಂದವು. ನೆಲ ಉಬ್ಬಿತು, ಬಿರಿಯಿತು, ಬಿರುಕುಗಳಿಂದ ಉಪ್ಪುನೀರು ಉಕ್ಕಿ ಹರಿಯಿತು, ಇಳಿಜಾರುಗಳು ಕುಸಿದವು. ಆಳದ ನೀರು ಒತ್ತಡದಿಂದ ಬಂಡೆಗಳ ಸಂದಿಗೆ ನುಗ್ಗಿದ್ದೇ ಕಾರಣ ಎಂದು ವಿಜ್ಞಾನಿಗಳು ಗುರುತಿಸಿದರು. ಅಷ್ಟಾದರೂ ಅತಿ ದೊಡ್ಡ ಕಂಪನ 5.4ನ್ನು ದಾಟಲಿಲ್ಲ, ಹಿಂಡು ತಾನಾಗಿ ಅಡಗಿತು. ಯಾವ ಹಿಂಡು ಅಡಗುತ್ತದೆ, ಯಾವುದು ಮುನ್ಸೂಚನೆ ಎಂಬುದನ್ನು ಮೊದಲೇ ಹೇಳಬಲ್ಲ ಉಪಕರಣ ಇಂದಿಗೂ ಇಲ್ಲ.

ಲಾಕ್ವಿಲಾದಲ್ಲಿ 2009ರ ಏಪ್ರಿಲ್ 5ರ ರಾತ್ರಿ ಹನ್ನೊಂದರ ಸುಮಾರಿಗೆ ಒಂದು ಕಂಪನ ಬಂತು. ಮಧ್ಯರಾತ್ರಿ ಕಳೆದ ಮೇಲೆ ಇನ್ನೊಂದು. ಕೆಲವರು ಹಳೆಯ ರೂಢಿಯಂತೆ ಬಯಲಿಗೆ ಹೋದರು. ಟಿ.ವಿ. ನೋಡಿದ್ದ ಎಷ್ಟೋ ಮಂದಿ ಮಕ್ಕಳನ್ನು ಸಮಾಧಾನಪಡಿಸಿ ಮಲಗಿಸಿದರು. 3 ಗಂಟೆ 32 ನಿಮಿಷಕ್ಕೆ 6.3 ಪ್ರಮಾಣದ ಭೂಕಂಪ ಬಡಿಯಿತು. ಸತ್ತವರು 309 ಮಂದಿ. ವಿದ್ಯಾರ್ಥಿಗಳ ಹಾಸ್ಟೆಲ್ ಒಂದೇ ಕುಸಿದು ಎಂಟು ಮಂದಿ ತೀರಿಕೊಂಡರು. ಅದು ಕಲ್ಲುಮಣ್ಣಿನ ಹಳೇ ಮನೆಯಲ್ಲ, ಕಾಂಕ್ರೀಟ್ ಕಟ್ಟಡ.

2012ರ ಅಕ್ಟೋಬರಿನಲ್ಲಿ ನ್ಯಾಯಾಲಯ ಆರು ವಿಜ್ಞಾನಿ-ತಜ್ಞರಿಗೂ ಆ ಅಧಿಕಾರಿಗೂ ಆರಾರು ವರ್ಷ ಸಜೆ ವಿಧಿಸಿತು. ಭೂಕಂಪ ಮುನ್ನುಡಿಯಲಿಲ್ಲವೆಂದು ಜೈಲೇ ಎಂದು ಜಗತ್ತಿನ ವಿಜ್ಞಾನಿಗಳು ಸಿಡಿದೆದ್ದರು. ಆದರೆ ಆರೋಪವಿದ್ದದ್ದು ಮುನ್ಸೂಚನೆಯ ಬಗ್ಗೆ ಅಲ್ಲ, ಅಪಾಯವನ್ನು ಜನರಿಗೆ ಸರಿಯಾಗಿ ತಿಳಿಸದೆ ಧೈರ್ಯ ಹೇಳಿದ್ದರ ಬಗ್ಗೆ. 2014ರಲ್ಲಿ ಮೇಲ್ಮನವಿ ನ್ಯಾಯಾಲಯ ಆರೂ ಮಂದಿಯನ್ನು ಖುಲಾಸೆ ಮಾಡಿತು. ಅಧಿಕಾರಿಯ ಶಿಕ್ಷೆಯನ್ನು ಎರಡು ವರ್ಷಕ್ಕೆ ಇಳಿಸಿತೇ ಹೊರತು ರದ್ದು ಮಾಡಲಿಲ್ಲ. ಆ ಮಾತು ನಂಬಿ ಒಳಗೇ ಉಳಿದ ಕೆಲವರ ಸಾವಿಗೆ ಅವರನ್ನು ಹೊಣೆಯಾಗಿಸಿತು. 2015ರಲ್ಲಿ ದೇಶದ ಅತ್ಯುನ್ನತ ನ್ಯಾಯಾಲಯವೂ ಆ ತೀರ್ಪನ್ನು ಎತ್ತಿಹಿಡಿಯಿತು.