ಗಾಜಿನ ತೊಟ್ಟಿಯಲ್ಲಿ ಕ್ಲೌನ್ ಮೀನಿನ ಸಾಕಣೆ

ಅಂಡಮಾನಿನ ಹವಳದ ದಿಬ್ಬಗಳಲ್ಲಿ ವಾಸಿಸುವ ಕ್ಲೌನ್ ಮೀನು ಕಿತ್ತಳೆ ಬಣ್ಣದ ಮೈಮೇಲೆ ಮೂರು ಬಿಳಿಯ ಪಟ್ಟೆಗಳುಳ್ಳ ಪುಟ್ಟ ಪ್ರಾಣಿ. ಇದನ್ನು ಮನೆಯಲ್ಲಿ ಸಾಕಬಯಸುವವರು ಮೀನನ್ನು ಕೊಳ್ಳುವುದಕ್ಕೆ ಮೊದಲೇ ನೀರನ್ನು ಹದಗೊಳಿಸತಕ್ಕದ್ದು. ಹೊಸ ತೊಟ್ಟಿಗೆ ಅವಸರದಿಂದ ಬಿಟ್ಟ ಮೀನುಗಳು ಕೆಲವೇ ದಿನಗಳಲ್ಲಿ ಸಾಯುವುದುಂಟು. ಅನೇಕರು ಇದನ್ನು ರೋಗವೆಂದು ಭಾವಿಸಿ ಔಷಧಿ ಹಾಕುವರು. ವಾಸ್ತವವಾಗಿ ಮೀನಿನ ವಿಸರ್ಜನೆಯಿಂದಲೂ ತಿನ್ನದೆ ಉಳಿದ ಆಹಾರದಿಂದಲೂ ಹುಟ್ಟುವ ಅಮೋನಿಯಾವೇ ಬಹುಮಟ್ಟಿಗೆ ಇದಕ್ಕೆ ಕಾರಣ.

ಹೊಲದಲ್ಲಿ ಗೊಬ್ಬರದ ಅಮೋನಿಯಾವನ್ನು ನೈಟ್ರೇಟಾಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳ ವಿಷಯವನ್ನು ನಮ್ಮ ವಾಚಕರು ಬಲ್ಲರು. ಅಂಥವೇ ಜೀವಿಗಳು ತೊಟ್ಟಿಯ ಮರಳು ಕಲ್ಲುಗಳಲ್ಲಿಯೂ ನೆಲಸಬೇಕು. ಅದಕ್ಕೆ ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುವುದು. ಅಷ್ಟು ದಿನವೂ ಬರಿದಾದ ತೊಟ್ಟಿಗೆ ಚಿಟಿಕೆಯಷ್ಟು ಮೀನಿನ ಆಹಾರವನ್ನು ಹಾಕುತ್ತಿದ್ದರೆ ಅವು ವೃದ್ಧಿಯಾಗುವುವು. ಅಮೋನಿಯಾ, ನೈಟ್ರೈಟ್ ಎರಡೂ ಇಲ್ಲವೆಂದು ಪರೀಕ್ಷಿಸಿ ತಿಳಿದಲ್ಲದೆ ಮೀನನ್ನು ಬಿಡಕೂಡದು.

ಕ್ಲೋರಿನ್ ಇಲ್ಲದ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂನಂತೆ ಅಕ್ವೇರಿಯಂಗಾಗಿಯೇ ಮಾರುವ ಸಮುದ್ರಲವಣವನ್ನು ಬೆರಸಬೇಕು. ಅಡಿಗೆಯ ಉಪ್ಪು ಸಲ್ಲದು. ಉಷ್ಣತೆ 25ರಿಂದ 27 ಡಿಗ್ರಿ ಸೆಂಟಿಗ್ರೇಡ್ ಇರಲಿ. ನಮ್ಮ ಬೇಸಗೆಯಲ್ಲಿ ನೀರು ಬೇಗ ಆವಿಯಾಗಿ ಹೋಗುವುದು, ಉಪ್ಪು ಮಾತ್ರ ಉಳಿಯುವುದು. ಆದುದರಿಂದ ಇಂಗಿದಷ್ಟಕ್ಕೆ ಸಿಹಿನೀರನ್ನೇ ತುಂಬತಕ್ಕದ್ದು.

ಸಮುದ್ರದಿಂದ ಹಿಡಿದು ತಂದ ಮೀನಿಗಿಂತ ಮರಿಕೇಂದ್ರದಲ್ಲಿ ಹುಟ್ಟಿದುದೇ ಮೇಲು. ಅದು ಒಣ ಆಹಾರವನ್ನು ಸುಲಭವಾಗಿ ತಿನ್ನುವುದು, ಹವಳದ ದಿಬ್ಬಕ್ಕೂ ನಷ್ಟವಿಲ್ಲ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಇದರ ಮರಿ ಮಾಡಿಸುವ ವಿಧಾನವನ್ನು ರೂಪಿಸಿದ್ದಾರೆ. ಗಂಡು ಹೆಣ್ಣುಗಳನ್ನು ಹುಡುಕುವ ಶ್ರಮವೂ ಬೇಡ: ಎರಡು ಎಳೆಯ ಮೀನುಗಳನ್ನು ಜೊತೆಯಲ್ಲಿ ಬಿಟ್ಟರೆ ಪ್ರಬಲವಾದುದು ಕಾಲಕ್ರಮದಲ್ಲಿ ಹೆಣ್ಣಾಗುವುದು, ಇನ್ನೊಂದು ಗಂಡಾಗಿ ಉಳಿಯುವುದು.