ಪಂಪ್ ಇಲ್ಲದ ಪೈಪ್‌ಲೈನ್

ಎಂಜಿನಿಯರಿಂಗ್ ಎರಡನೇ ವರ್ಷ. ರಜೆಗೆ ಕಲಬುರಗಿಗೆ ಹೋಗಿದ್ದೆ. ಆಶಾ ಕಾರ್ಯಕರ್ತೆಯೊಬ್ಬರು ಮನೆಗೆ ಬಂದು ಆನೆಕಾಲು ರೋಗದ ಗುಳಿಗೆ ಕೊಟ್ಟರು. ಬೆರಳಿಗೆ ಇಂಕಿನ ಗುರುತು ಹಾಕಿಸಿಕೊಂಡೆ. ಅವರು ಗೇಟು ದಾಟಿದ ಮೇಲೆ ಗುಳಿಗೆಗಳನ್ನು ಕಿಟಕಿಯಿಂದಾಚೆ ಎಸೆದೆ. ನನಗೇನೂ ರೋಗ ಇಲ್ಲವಲ್ಲ! ಅದೇ ಪಡಸಾಲೆಯಲ್ಲಿ ನಮ್ಮ ದೊಡ್ಡವ್ವ ಊದಿದ ಎಡಗಾಲನ್ನು ಸೀರೆಯೊಳಗೆ ಮುಚ್ಚಿಕೊಂಡು ಕೂತಿದ್ದಳು. "ನುಂಗಿದೇನೋ ತಮ್ಮಾ?" ಅಂದಳು. "ಹ್ಞೂಂ" ಅಂದೆ.

ಪೈಪು, ಪಂಪು, ವಾಲ್ವು ಅಂತ ನಾಲ್ಕು ವರ್ಷ ಓದಿದ ನನಗೆ ನಮ್ಮ ಮೈಯಲ್ಲೇ ಎರಡನೇ ಪೈಪ್‌ಲೈನ್ ಒಂದಿದೆ ಅಂತ ಸರಿಯಾಗಿ ಅರ್ಥವಾಗಿದ್ದು ಸುದ್ದಿಮನೆಗೆ ಬಂದಮೇಲೆ, ಇದೇ ರೋಗದ ಬಗ್ಗೆ ಒಂದು ಸ್ಟೋರಿ ಮಾಡುವಾಗ.

ಮೊದಲ ಪೈಪ್‌ಲೈನ್ ಎಲ್ಲರಿಗೂ ಗೊತ್ತು, ರಕ್ತದ್ದು. ಅದಕ್ಕೆ ಹೃದಯ ಅನ್ನೋ ಪಂಪ್ ಇದೆ. ಆದರೆ ಆ ಪೈಪು ಸೋರುತ್ತೆ ನೋಡಿ. ಸೋರಲೇಬೇಕು, ಇಲ್ಲದಿದ್ದರೆ ಜೀವಕೋಶಗಳಿಗೆ ಊಟ ಸಿಗಲ್ಲ. ಹಾಗೆ ಸೋರಿದ ನೀರು, ಪ್ರೋಟೀನ್ ಎಲ್ಲವೂ ನೇರವಾಗಿ ರಕ್ತನಾಳಕ್ಕೆ ಮರಳಲಾರವು. ಉಳಿದದ್ದನ್ನು ಬಳಿದು ತರುವುದು ದುಗ್ಧನಾಳಗಳು. ಬೆಂಗಳೂರಿಗೆ ರಾಜಕಾಲುವೆ ಹೇಗೋ ಹಾಗೆ. ಎಲ್ಲ ಸರಿಯಿದ್ದಾಗ ಯಾರೂ ಕೇಳಲ್ಲ. ಕಟ್ಟಿಕೊಂಡ ದಿನ ಮನೆಯೊಳಗೆ ನೀರು.

ದುಗ್ಧ ಅಂದರೆ ಹಾಲು. ಹೆಸರಿಗೊಂದು ಕಥೆ ಇದೆ. 1622ರ ಜುಲೈನಲ್ಲಿ ಇಟಲಿಯಲ್ಲಿ ಗಾಸ್ಪಾರೊ ಅಸೆಲ್ಲಿ ಎಂಬ ವೈದ್ಯ ಜೀವಂತ ನಾಯಿಯೊಂದರ ಹೊಟ್ಟೆ ಕೊಯ್ದ. (ಕ್ರೂರ, ಒಪ್ಪುತ್ತೇನೆ.) ಹುಡುಕುತ್ತಿದ್ದದ್ದು ಬೇರೇನನ್ನೋ. ಕಂಡದ್ದು ಕರುಳಿನ ಪೊರೆಯ ಮೇಲೆ ಬಿಳಿ ದಾರಗಳು. ಒಂದನ್ನು ಕತ್ತರಿಸಿದರೆ ಹಾಲಿನಂಥ ದ್ರವ ಚಿಮ್ಮಿತು! ಮರುದಿನ ಇನ್ನೊಂದು ನಾಯಿಯನ್ನು ಕೊಯ್ದರೆ ಬಿಳಿ ದಾರಗಳೇ ಇಲ್ಲ. ಏಕೆ? ಮೊದಲ ನಾಯಿ ಹೊಟ್ಟೆ ತುಂಬ ತಿಂದಿತ್ತು, ಎರಡನೆಯದು ಖಾಲಿ ಹೊಟ್ಟೆ. ಊಟದ ಕೊಬ್ಬು ಹೀರಲ್ಪಟ್ಟು ಸಾಗುವುದೂ ಈ ನಾಳಗಳಲ್ಲೇ. ಅಸೆಲ್ಲಿಯ ಪುಸ್ತಕ 1627ರಲ್ಲಿ ಬಂತು, ಅಷ್ಟರಲ್ಲಿ ಅವನು ತೀರಿಕೊಂಡಿದ್ದ.

ಈ ನಾಳಗಳ ರಚನೆ ನೋಡಿದರೆ ಯಾವ ಎಂಜಿನಿಯರ್ ಆದರೂ ತಲೆದೂಗಬೇಕು. ತುದಿಯ ಸಣ್ಣ ನಾಳದ ಬಾಯಿ ಮುಚ್ಚಿರುತ್ತದೆ. ಆದರೆ ಅದರ ಗೋಡೆಯ ಕೋಶಗಳು ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಕೂತಿವೆ. ಹೊರಗೆ ನೀರು ಹೆಚ್ಚಾದರೆ ಹೆಂಚು ಒಳಕ್ಕೆ ತೆರೆದುಕೊಳ್ಳುತ್ತೆ, ಒಳಗೆ ಒತ್ತಡ ಹೆಚ್ಚಾದರೆ ತಾನಾಗಿ ಮುಚ್ಚಿಕೊಳ್ಳುತ್ತೆ. ಮುಂದಿನ ದೊಡ್ಡ ನಾಳಗಳಲ್ಲಿ ಸ್ವಲ್ಪ ಸ್ವಲ್ಪ ದೂರಕ್ಕೆ ಒಮ್ಮುಖ ಕವಾಟ. ಎರಡು ಕವಾಟಗಳ ನಡುವಿನ ತುಂಡು ತಾನೇ ಹಿಂಡಿಕೊಂಡು ರಸವನ್ನು ಮುಂದಕ್ಕೆ ತಳ್ಳುತ್ತದೆ. ಪಾದದಿಂದ ಕುತ್ತಿಗೆ ಬುಡದ ರಕ್ತನಾಳದವರೆಗೆ ಹೀಗೇ ಏರಬೇಕು. ಕಪ್ಪೆಗಳಿಗೆ ಇದಕ್ಕೆಂದೇ ಪುಟ್ಟ ಪುಟ್ಟ ದುಗ್ಧ ಹೃದಯಗಳಿವೆ. ನಮಗೆ, ಹಸುವಿಗೆ, ನಾಯಿಗೆ ಆ ಭಾಗ್ಯವಿಲ್ಲ. ನಡೆಯುವಾಗ ಸ್ನಾಯು ಒತ್ತಬೇಕು, ಉಸಿರಾಟ ಎಳೆಯಬೇಕು. ಮತ ಎಣಿಕೆಯ ದಿನ ಹತ್ತು ಗಂಟೆ ಸ್ಟುಡಿಯೋದಲ್ಲಿ ನಿಂತರೆ ನನ್ನ ಶೂ ಬಿಗಿಯಾಗುವುದೇಕೆ ಅಂತ ಈಗ ಗೊತ್ತಾಯ್ತಲ್ಲ.

ದಾರಿಯಲ್ಲಿ ಚೆಕ್‌ಪೋಸ್ಟ್‌ಗಳಂತೆ ದುಗ್ಧಗ್ರಂಥಿಗಳು. ರೋಗಾಣು ಬಂದರೆ ಇಲ್ಲೇ ತಪಾಸಣೆ. ಹಸುವಿಗೆ ಉಣ್ಣೆಯಿಂದ ಥೈಲೇರಿಯಾ ಜ್ವರ ಬಂದಿದೆಯೇನೋ ಅನ್ನಿಸಿದರೆ ಪಶುವೈದ್ಯರು ಭುಜದ ಮುಂದೆ ಕೈಯಿಟ್ಟು ನೋಡುವುದು ಈ ಗಂಟು ಊದಿದೆಯಾ ಅಂತ.

ಈಗ ದೊಡ್ಡವ್ವನ ಕಾಲಿಗೆ ಬರೋಣ. ಕೊಳಚೆ ನೀರಿನಲ್ಲಿ ಹುಟ್ಟುವ ಕ್ಯುಲೆಕ್ಸ್ ಸೊಳ್ಳೆ ರಾತ್ರಿ ಕಚ್ಚಿ ಫೈಲೇರಿಯಾ ಹುಳುವಿನ ಮರಿಗಳನ್ನು ಬಿಡುತ್ತದೆ. ಅವು ಬೆಳೆದು ದಾರದಂತಾಗಿ ದುಗ್ಧನಾಳದಲ್ಲೇ ಸಂಸಾರ ಹೂಡುತ್ತವೆ, ಅದೂ ವರ್ಷಗಟ್ಟಲೆ. ನಾಳ ಹಿಗ್ಗುತ್ತದೆ. ಹಿಗ್ಗಿದ ಪೈಪಿನಲ್ಲಿ ಕವಾಟದ ಬಾಗಿಲು ಒಂದಕ್ಕೊಂದು ತಾಗಲ್ಲ. ಏರಬೇಕಾದ ರಸ ಇಳಿಯುತ್ತದೆ, ಕಾಲು ಊದುತ್ತದೆ. ಬಿರುಕಿನಲ್ಲಿ ಬ್ಯಾಕ್ಟೀರಿಯಾ ನುಗ್ಗಿ ಮತ್ತೆ ಮತ್ತೆ ಜ್ವರ, ಚರ್ಮ ದಪ್ಪ. ಒಮ್ಮೆ ಹೀಗೆ ಕೆಟ್ಟ ಕವಾಟವನ್ನು ಮಾತ್ರೆ ರಿಪೇರಿ ಮಾಡಲ್ಲ. ದಿನಾ ಸೋಪು ಹಾಕಿ ತೊಳೆದು, ಬೆರಳ ಸಂದಿ ಒರೆಸಿ, ಕಾಲು ಎತ್ತರಕ್ಕಿಟ್ಟು ಇನ್ನಷ್ಟು ಕೆಡದಂತೆ ನೋಡಿಕೊಳ್ಳಬಹುದು. ಇದನ್ನು ದೊಡ್ಡವ್ವನಿಗೆ ಯಾರೂ ಹೇಳಿರಲಿಲ್ಲ.

ಹಾಗಾದರೆ ರೋಗವಿಲ್ಲದ ನನಗೇಕೆ ಗುಳಿಗೆ? ರಕ್ತದಲ್ಲಿ ಮರಿಹುಳು ಇಟ್ಟುಕೊಂಡವನಿಗೆ ಎಷ್ಟೋ ವರ್ಷ ಏನೂ ಗೊತ್ತಾಗಲ್ಲ. ಸೊಳ್ಳೆ ಅವನಿಂದ ಹೀರಿ ಪಕ್ಕದ ಮನೆಗೆ ಹಂಚುತ್ತದೆ. ಗುಳಿಗೆ ಕೊಲ್ಲುವುದು ಮುಖ್ಯವಾಗಿ ಈ ಮರಿಗಳನ್ನು, ಅದಕ್ಕೇ ವರ್ಷ ವರ್ಷವೂ ಊರಿಗೆ ಊರೇ ನುಂಗಬೇಕು. ಎರಡು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ತೀವ್ರ ಕಾಯಿಲೆಯವರನ್ನು ಬಿಟ್ಟು. ಕಿಟಕಿಯಿಂದಾಚೆ ನಾನು ಎಸೆದದ್ದು ನನ್ನ ಔಷಧಿ ಅಲ್ಲ ಕಣ್ರೀ, ಓಣಿಯದ್ದು.

ಇದಕ್ಕೆ ಬ್ರೇಕಿಂಗ್ ನ್ಯೂಸ್ ಇಲ್ಲ. ಡೆಂಗ್ಯೂ ಸಾವಾದರೆ ಸ್ಕ್ರೀನ್ ಕೆಂಪಾಗುತ್ತೆ, ಇದರಿಂದ ಜನ ಸಾಯುವುದು ಅಪರೂಪ. ಮದುವೆಗೆ ಹೋಗುವುದು ಬಿಡುತ್ತಾರೆ ಅಷ್ಟೇ. ದೊಡ್ಡವ್ವ ನನ್ನ ಮದುವೆಗೂ ಬರಲಿಲ್ಲ.

ಮೊನ್ನೆ ಹಬ್ಬಕ್ಕೆ ಊರಿಗೆ ಹೋಗಿದ್ದಾಗ ಮತ್ತೆ ಗುಳಿಗೆಯವರು ಬಂದರು. ಈ ಸಲ ಚಿಕ್ಕ ಹುಡುಗಿ, ಜೋರು. "ಟಿವಿಯವ್ರು ಅಂತ ಬಿಡಂಗಿಲ್ರಿ ಸರ್, ಊಟ ಆಗೇದಲ್ಲ, ನನ್ನ ಎದುರೇ ನುಂಗ್ರಿ" ಅಂದಳು. ದೊಡ್ಡವ್ವ ಒಳಗಿಂದ ನೀರಿನ ತಂಬಿಗೆ ಹಿಡಿದು ಬಂದಳು. ನಾನು ನುಂಗಿ, ಬಾಯಿ ತೆರೆದು ಇಬ್ಬರಿಗೂ ತೋರಿಸಿದೆ.